ದಂಡಿನ ಚಳಿಯೂ ಧಾರವಾಡದ ಕೌದಿಯೂ

ಹೊರನಾಡಿನಲ್ಲಿ ಸಂಸಾರ ಹೂಡಿದ ಕನ್ನಡಿಗರ ಕಷ್ಟಸುಖಗಳನ್ನು ವರ್ಣಿಸುವ ಬರಹಗಳಿಗೆ ಈಚೆಗೆ ನಮ್ಮಲ್ಲಿ ಕೊರತೆಯೇನೂ ಇಲ್ಲ. ಮೊಣಕಾಲುದ್ದ ಬಿದ್ದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿ ಕಾರನ್ನು ಹುಡುಕಿ ತೆಗೆದ ಪ್ರಸಂಗ, ಒಂದು ಹಿಡಿ ಕರಿಬೇವಿಗೆ ಇಲ್ಲಿಯ ಒಂದು ಊಟದ ಬೆಲೆಯನ್ನು ತೆತ್ತ ಪ್ರಸಂಗ, ಸಾರಿನ ಒಗ್ಗರಣೆಯ ಹೊಗೆಗೆ ಮನೆಯ ಎಚ್ಚರಿಕೆಯ ಗಂಟೆ ಬಾರಿಸತೊಡಗಿ ಬೆಂಕಿ ಆರಿಸುವವರು ಬಾಗಿಲಿಗೆ ಬಂದು ನಿಂತ ಪ್ರಸಂಗ, ಇವುಗಳನ್ನೆಲ್ಲ ರಜೆಗೆಂದು ಊರಿಗೆ ಬರುವ ಬಂಧುಗಳ ಬಾಯಿಂದ ಕೇಳಿ ಕೇಳಿ, ಅಮೆರಿಕೆಯನ್ನು ಕಣ್ಣಿನಿಂದ ಕಾಣದವರು ಕೂಡ ಅವನ್ನು ಸ್ವಾನುಭವವೆಂದೇ ಹೇಳಬಲ್ಲಷ್ಟು ಪರಿಣತಿಯನ್ನು ಸಂಪಾದಿಸಿದ್ದೇವೆ. ಈ ಮಹನೀಯರ ಅಭಿಪ್ರಾಯದಲ್ಲಿ ಹೊರನಾಡಿಗನೆನ್ನಿಸಿಕೊಳ್ಳುವುದಕ್ಕೆ ಸಮುದ್ರೋಲ್ಲಂಘನವು ಅತ್ಯಾವಶ್ಯಕವಾದ ಸಂಸ್ಕಾರ. ಆ ಸಂಸ್ಕಾರವಿಲ್ಲದೆಯೇ, ಪಾಸ್‌ಪೋರ್ಟನ್ನು ಬೀರುವಿನಿಂದ ಹೊರಕ್ಕೆ ತೆಗೆಯುವ ಶ್ರಮವನ್ನೂ ವಹಿಸದೆ, ಮೈಸೂರಿನವನಾದ ನಾನೂ ಧಾರವಾಡದವಳಾದ ನನ್ನ ಧರ್ಮಪತ್ನಿಯೂ ಬೆಂಗಳೂರಿನ ಹಲಸೂರಿನಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದ ಮಾತ್ರದಿಂದಲೇ ಪರದೇಶವಾಸಿಗಳಾಗಿಬಿಟ್ಟೆವೆಂಬುದನ್ನು ನಮ್ಮ ಬಂಧುವರ್ಗ ಇನ್ನೂ ಒಪ್ಪಿಕೊಂಡಿಲ್ಲ.

ಇದು ಅತಿಶಯೋಕ್ತಿಯೆನ್ನುವವರು ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡತಕ್ಕದ್ದು. ಶ್ರೀರಂಗಪಟ್ಟಣದ ಜ್ವರಕ್ಕೂ ಸೊಳ್ಳೆಗೂ ಬೇಸತ್ತ ಇಂಗ್ಲಿಷರ ಸೈನ್ಯವು 1809ರಲ್ಲಿ ಅಲ್ಲಿಂದ ಕಾಲ್ತೆಗೆದು ಹಲಸೂರಿನ ಮಗ್ಗುಲಲ್ಲಿ ಬಿಡಾರ ಮಾಡಿದಂದಿನಿಂದ ಬೆಂಗಳೂರಿನಲ್ಲಿ ಪೇಟೆಯೇ ಬೇರೆ, ದಂಡೇ ಬೇರೆ ಎಂದಾಯಿತು. 1881ರಲ್ಲಿ ಮೈಸೂರು ಸೀಮೆಯನ್ನು ಒಡೆಯರಿಗೆ ಹಿಂದಕ್ಕೊಪ್ಪಿಸಿದಾಗ ಸಹ ಈ ದಂಡನ್ನು ಮಾತ್ರ ರೆಸಿಡೆಂಟರು ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದುದು 1947ರ ಜುಲೈ ತಿಂಗಳಿನಲ್ಲಿ, ಎಂದರೆ ಇಡೀ ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ದಿನಗಳ ಮುಂಚೆ. 1949ರಲ್ಲಿ ಎರಡು ಪುರಸಭೆಗಳನ್ನೂ ಕೂಡಿಸಿ ಒಂದು ಕಾರ್ಪೊರೇಷನ್ ಮಾಡಿದರು. ಕಾಗದಪತ್ರಗಳ ಮಟ್ಟಿಗೆ ಹೀಗೆ ನೆರವೇರಿದ ಈ ಸಂಬಂಧಕ್ಕೆ ಮುಕ್ಕಾಲು ಶತಮಾನ ಸಂದಿದ್ದರೂ, 1870ರಿಂದ ನಡುವೆ ಹಬ್ಬಿಕೊಂಡಿರುವ ಕಬ್ಬನ್ ಉದ್ಯಾನವನ್ನು ಗಡಿಯ ಅರಣ್ಯವೆಂದೇ ಭಾವಿಸುವ ಹಿರಿಯರು ಪೇಟೆಯ ಕಡೆಯಲ್ಲಿ ಇನ್ನೂ ಇದ್ದಾರೆ. ಬಸವನಗುಡಿಯಲ್ಲಿರುವ ನನ್ನ ಸೋದರತ್ತೆಯವರು ನಮ್ಮ ಮನೆಗೆ ಬರಬೇಕಾದರೆ ಇಂದಿಗೂ "ನಾಳೆ ದಂಡಿಗೆ ಹೋಗಬೇಕು" ಎಂದು ಹಿಂದಿನ ದಿವಸದಿಂದಲೇ ಸಿದ್ಧತೆ ನಡೆಸುತ್ತಾರೆ. ಬುತ್ತಿ ಕಟ್ಟಿಕೊಳ್ಳುವುದೊಂದು ಬಾಕಿ.

ನಾವು ಹಿಡಿದ ಮನೆ ಸೋಮೇಶ್ವರ ದೇವಾಲಯದ ಹಿಂಬದಿಯ ಓಣಿಯೊಂದರಲ್ಲಿದೆ. ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡತಿಯಾದ ಅಜ್ಜಿಯ ವಾಸ, ಮೇಲೆ ನಮ್ಮದು. ಅಜ್ಜಿಯ ಮನೆಮಾತು ತಮಿಳು. ಅವರ ವಂಶದ ಮೂಲಪುರುಷರು ಮದರಾಸು ಸ್ಯಾಪರ್ಸ್ ದಳದ ಬೆನ್ನುಹತ್ತಿ ಇಲ್ಲಿಗೆ ಬಂದವರಂತೆ. ಆ ದಳದ ಕೇಂದ್ರವು ಬೆಂಗಳೂರಿನಲ್ಲಿ ನೆಲೆಗೊಂಡುದು 1834ರಲ್ಲಿ ಎಂಬುದನ್ನು ಗಮನಿಸಿದರೆ ಇದರಲ್ಲಿ ಅಸಂಭವವೇನೂ ಇಲ್ಲ. ಮನೆಯನ್ನು ನೋಡಲು ಹೋದಂದು, ನೆಲದ ಮಕ್ಕಳಿಗೆ ಸಲ್ಲುವ ಠೀವಿ ನಮ್ಮ ಮಾತಿನಲ್ಲಿ ಕಾಣಲೆಂದು ನಾನು ತಕ್ಕಮಟ್ಟಿಗೆ ಗಂಭೀರವಾದ ಕನ್ನಡದಲ್ಲಿ, "ಅಜ್ಜಿ, ತಾವು ಮೂಲತಃ ಎಲ್ಲಿಯವರು?" ಎಂದು ವಿಚಾರಿಸಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಲ್ಲಿಯವರೂ ಇಲ್ಲ ಕಣ್ಣು, ಇಲ್ಲಿಯವರೇ. ನಮ್ಮ ತಾತನ ತಾತ ಕಾಲ್ದಿಂದ ಇಲ್ಲೇ ಇದೀವಿ. ನೀವು ಯಾವೂರು?" ಎಂದರು. ಮೈಸೂರೆಂದು ನಾನೂ, ಧಾರವಾಡವೆಂದು ನಮ್ಮಾಕೆಯೂ ಎದೆಯುಬ್ಬಿಸಿ ಹೇಳಿದೆವು. "ಓ, ಹೊರಗಿಂದ ಬಂದೋರು. ಪರ್ವಾಗಿಲ್ಲ. ಬಾಡಿಗೆ ಮಾತ್ರ ಐದನೇ ತಾರೀಕು ಒಳಗೆ ಕೊಟ್ಬಿಡ್ಬೇಕು," ಎಂದು ಅಜ್ಜಿ ಕನ್ನಡನಾಡಿನ ಎರಡು ವಿದ್ಯಾಕ್ಷೇತ್ರಗಳನ್ನೂ ಒಂದೇ ಉಸಿರಿನಲ್ಲಿ ಹೊರಗಿಟ್ಟು ಬೀಗದ ಕೈಯನ್ನು ನೀಡಿದರು. ಆ ಕ್ಷಣದಿಂದ ನಾವು ಹಲಸೂರಿನ ವಲಸಿಗರು.

ನಮ್ಮ ದಿನಚರಿಯ ಪ್ರಾರಂಭ ಬೆಳಗಿನ ಪಾನೀಯದ ಪ್ರಶ್ನೆಯಿಂದ. ನನಗೆ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ನಿನ ಕಾಫಿಯಾಗಬೇಕು. ಆಕೆಗೆ ಶುಂಠಿ ಜಜ್ಜಿ ಹಾಕಿ ಕುದಿಸಿದ ಚಹಾ ಆಗಬೇಕು. ಒಲೆಯ ಎರಡು ಉರಿಗಳ ಪೈಕಿ ದೊಡ್ಡದು ಯಾರದೆಂಬ ವಿಷಯದಲ್ಲಿ ಮದುವೆಯಾದ ಹೊಸತರಲ್ಲಿಯೇ ಒಂದು ಒಡಂಬಡಿಕೆಯಾಗಿ, ಮೊದಲು ಎದ್ದವರಿಗೆ ದೊಡ್ಡ ಉರಿ ಸಲ್ಲತಕ್ಕದ್ದೆಂದು ನಿಶ್ಚಯವಾಗಿತ್ತು. ಮಳೆಗಾಲ ಮುಗಿಯುವವರೆಗೂ ಈ ನಿಯಮದ ಪ್ರಭಾವದಿಂದ ನಮ್ಮ ಮನೆಯಲ್ಲಿ ಪ್ರಾತರುತ್ಥಾನದ ಸ್ಪರ್ಧೆಯೇ ನಡೆಯುತ್ತಿತ್ತು. ಆದರೆ ಕಾರ್ತಿಕ ಕಳೆದು ಮಾರ್ಗಶಿರವು ಕಾಲಿಟ್ಟೊಡನೆ ಸ್ಪರ್ಧೆಯ ಸ್ವರೂಪವು ತಲೆಕೆಳಗಾಗಿ, ಕಡೆಗೆ ಏಳುವವರಿಗೆ ಇನ್ನೊಬ್ಬರು ಮಾಡಿದ ಪಾನೀಯವು ಹಾಸಿಗೆಯ ಬಳಿಗೇ ಬಂದೀತೆಂಬ ಆಶೆಯಿಂದ, ಇಬ್ಬರೂ ಸಂಪೂರ್ಣ ಎಚ್ಚರವಾಗಿದ್ದುಕೊಂಡೇ ಗಾಢನಿದ್ರೆಯ ಉಸಿರಾಟವನ್ನು ಅಭಿನಯಿಸುತ್ತ ಮಲಗಿರುವ ಕಲೆಯನ್ನು ಸಾಧಿಸಿದೆವು. ಸೈನಿಕರ ವಸತಿಯ ಕಡೆಯಿಂದ ಮುಂಜಾವದಲ್ಲಿ ತುತ್ತೂರಿಯ ಧ್ವನಿ ಕೇಳಿಬರುತ್ತಿತ್ತು. ದೇಶವನ್ನು ಕಾಯತಕ್ಕವರು ಎದ್ದಿದ್ದಾರೆಂಬ ಸಮಾಧಾನದಿಂದ ನಾವು ಇನ್ನೊಂದು ಮಗ್ಗುಲಿಗೆ ಹೊರಳುತ್ತಿದ್ದೆವು.

ಕಟ್ಟಕಡೆಗೆ ಎದ್ದು, ಗೀಸರಿನಲ್ಲಿರುವ ಬಿಸಿನೀರು ಒಂದೂವರೆ ಜನಕ್ಕೆ ಮಾತ್ರ ಸಾಲುವುದರಿಂದ ಆ ಅರ್ಧ ಯಾರೆಂಬುದನ್ನು ತೀರ್ಮಾನಿಸಿ, ಇಬ್ಬರೂ ಕೆಲಸಕ್ಕೆ ಹೊರಡುತ್ತೇವೆ. ಆಕೆಗೆ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಬ್ಯಾಂಕೊಂದರಲ್ಲಿ ಉದ್ಯೋಗ. ನನ್ನ ಕಚೇರಿ ಕೃಷ್ಣರಾಜಪುರದಾಚೆ. ಮೆಟ್ರೋ ರೈಲು ಬೆಂಗಳೂರಿನಲ್ಲಿ ಮೊಟ್ಟಮೊದಲು ಓಡಿದುದೇ ನಮ್ಮ ಈ ದಾರಿಯಲ್ಲಿ, 2011ರ ಅಕ್ಟೋಬರಿನಲ್ಲಿ, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ. ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಣ ಒಂದು ಸಣ್ಣ ಕೊಂಡಿ ಮಾತ್ರ 2023ರ ಅಕ್ಟೋಬರಿನವರೆಗೆ ಕೂಡಿರಲಿಲ್ಲ. ಅದಕ್ಕೆ ಮುಂಚೆ ಟಿನ್ ಫ್ಯಾಕ್ಟರಿಯ ಬಳಿ ವಾಹನಗಳ ನಡುವೆ ಸಿಕ್ಕಿಕೊಂಡು, ತೂಗುಸೇತುವೆಯನ್ನು ಕಣ್ಣೆದುರಿಗೇ ಕಾಣುತ್ತಿದ್ದರೂ ಅದನ್ನು ಮುಟ್ಟಲಾರದೆ ಯೌವನವನ್ನು ಕಳೆದ ಹಿರಿಯ ಸಹೋದ್ಯೋಗಿಗಳು ನನಗಿದ್ದಾರೆ. ಅವರ ಮುಂದೆ ನಾನು ರೈಲು ಎರಡು ನಿಮಿಷ ತಡವಾಯಿತೆಂದು ಗೊಣಗುವಂತಿಲ್ಲ. ಹಲಸೂರಿನಲ್ಲಿ ಒಂದೇ ಬಾಗಿಲಿನಿಂದ ಹತ್ತುವ ನಮ್ಮ ಸಹಪ್ರಯಾಣವಾದರೋ ಮುಂದಿನ ನಿಲ್ದಾಣದಲ್ಲಿಯೇ ಮುಕ್ತಾಯವಾಗುತ್ತದೆ. ಗ್ಯಾಸಿನ ಸಿಲಿಂಡರು, ಹಾಲಿನವನ ಲೆಕ್ಕ, ಭಾನುವಾರ ಬರುವ ಅತಿಥಿಗಳು ಮುಂತಾದ ಗೃಹಕೃತ್ಯದ ಸಮಸ್ತ ವಿಷಯಗಳನ್ನೂ ಆ ಒಂದು ನಿಲ್ದಾಣದ ಅವಧಿಯಲ್ಲಿ ಇತ್ಯರ್ಥ ಮಾಡಬೇಕು. ದಾಂಪತ್ಯದಲ್ಲಿ ಮಾತಿಗೆ ಹೆಚ್ಚು ಕಾಲವಿದ್ದಷ್ಟೂ ಒಳ್ಳೆಯದೆನ್ನುವವರು ಈ ಏರ್ಪಾಡನ್ನು ಒಮ್ಮೆ ಪರೀಕ್ಷಿಸಿ ನೋಡಲಿ.

ಇನ್ನು ಚಳಿಯ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಊರು. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 15, 16 ಡಿಗ್ರಿಗೆ ಇಳಿಯುತ್ತದೆ. ಲೋಕದ ದೊಡ್ಡ ಚಳಿಗಳ ಸಾಲಿನಲ್ಲಿ ಇದನ್ನು ಕುಳ್ಳಿರಿಸಲು ಸಾಧ್ಯವಿಲ್ಲವೆಂಬುದನ್ನು ನಮಗೆ ವಾರಕ್ಕೊಮ್ಮೆ ನೆನಪಿಸಿಕೊಡುವವರು ಅಮೆರಿಕೆಯ ಮಿನಿಯಾಪೊಲಿಸ್ ನಗರದಲ್ಲಿ ನೆಲೆಸಿರುವ ನನ್ನ ಭಾವ, ಎಂದರೆ ನಮ್ಮಾಕೆಯ ಅಣ್ಣ. ಭಾನುವಾರ ಬೆಳಿಗ್ಗೆ ವಿಡಿಯೋ ಕರೆಯಲ್ಲಿ ನಮ್ಮಿಬ್ಬರ ತಲೆಯ ಮೇಲಿನ ಉಣ್ಣೆಯ ಟೋಪಿಗಳನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ. "ಏ ತಂಗಿ, ಹದಿನಾರು ಡಿಗ್ರಿಗೆ ಟೊಪಗಿ ಹಾಕ್ಕೊಂಡೀರೇನು? ನಮ್ಮಲ್ಲೆ ಇವತ್ತು ಮೈನಸ್ ಇಪ್ಪತ್ತದ!" ಎಂದು ಕಿಟಕಿಯಾಚೆಯ ಹಿಮದ ರಾಶಿಯನ್ನು ತೋರಿಸಿದರು. ನಮ್ಮಾಕೆ ಕಿಂಚಿತ್ತೂ ವಿಚಲಿತಳಾಗದೆ, "ಹೊರಗ ಮೈನಸ್ ಇಪ್ಪತ್ತು ಖರೆ ಅಣ್ಣಾ, ಆದ್ರ ಮನ್ಯಾಗ ನೀ ಬನೀನ್ ಮ್ಯಾಲೆ ಕೂತೀಯಲ್ಲ! ನಮ್ಮಲ್ಲೆ ಹೊರಗೂ ಹದಿನಾರು, ಒಳಗೂ ಹದಿನಾರು. ಥಂಡಿ ಯಾರಿಗೆ ಹೆಚ್ಚಾತು ಹೇಳು?" ಎಂದಳು.

ನನ್ನ ಮಟ್ಟಿಗೆ ಇದು ತರ್ಕಶಾಸ್ತ್ರಕ್ಕೆ ಧಾರವಾಡವು ಸಲ್ಲಿಸಿದ ಒಂದು ದೊಡ್ಡ ಕಾಣಿಕೆ. ಶೀತದೇಶಗಳಲ್ಲಿ ಚಳಿಯೆಂಬುದು ಬಾಗಿಲ ಹೊರಗೆ ನಿಲ್ಲಿಸಬಹುದಾದ ವಸ್ತು. ನಮ್ಮಲ್ಲಿ ಅದು ಮನೆಯ ಸದಸ್ಯ. ಕೆಂಪು ಗಾರೆಯ ನೆಲದಿಂದ ಅಂಗಾಲಿನ ಮೂಲಕ ಪ್ರವೇಶಿಸಿ, ಎಂದೂ ಸರಿಯಾಗಿ ಮುಚ್ಚದ ಕಿಟಕಿಯ ಸಂದಿನಿಂದ ಕುತ್ತಿಗೆಯನ್ನು ವಿಚಾರಿಸಿಕೊಂಡು, ಪಾತ್ರೆ ತೊಳೆಯುವ ನೀರಿನಲ್ಲಿ ಬೆರಳುಗಳಿಗಾಗಿ ಕಾದುಕೊಂಡಿರುತ್ತದೆ. ಭಾವನವರ ನಗು ಇಷ್ಟಕ್ಕೂ ನಿಲ್ಲದಿರಲು, ಬೆಂಗಳೂರಿನ ಮಾನವನ್ನು ಉಳಿಸುವ ಹೊಣೆ ನನ್ನ ಮೇಲಿದೆಯೆಂದು ಭಾವಿಸಿ, "1884ನೆಯ ಇಸವಿ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು, ಭಾವ, ದಾಖಲೆಯಾಗಿದೆ" ಎಂದೆ. "ಅವತ್ತು ನೀವು ಏನು ಹೊತ್ಕೊಂಡಿದ್ರಿ?" ಎಂದು ಅವರು ಕೇಳಿದರು. ಇಂಥವರೊಡನೆ ಚರಿತ್ರೆಯನ್ನು ಚರ್ಚಿಸಿ ಫಲವಿಲ್ಲ.

ಏನು ಹೊದ್ದುಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲಿ ಆಗಲೇ ಎದ್ದಿತ್ತು. ಆ ಸಂಧಿಕಾಲದಲ್ಲಿ ಧಾರವಾಡದಿಂದ ವಂದೇ ಭಾರತ್ ರೈಲಿನಲ್ಲಿ ನಮ್ಮ ಅತ್ತೆಯವರು ದಯಮಾಡಿಸಿದರು. ಅವರ ಕೈಚೀಲದಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ. ತಲೆಯ ಮೇಲಿನ ಹಲಗೆಯಲ್ಲಿ ಇಡೀ ಡಬ್ಬಿಯವರ ಗಮನವನ್ನು ಸೆಳೆಯುತ್ತ ಬಂದ ಒಂದು ಕೌದಿ. ಕೌದಿಯನ್ನು ಕಾಣದ ಮೈಸೂರು ಸೀಮೆಯವರಿಗಾಗಿ ಹೇಳುವುದಾದರೆ, ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಗುಲ ಬಿಡದೆ ಕೈಯಿಂದ ಹೊಲಿದ ಹೊದಿಕೆ ಅದು; ಉತ್ತರ ಕರ್ನಾಟಕದ ಒಂದು ಮನೆತನದ ಚರಿತ್ರೆಯನ್ನು ಅದರ ಮೇಲೆ ಬೆರಳಾಡಿಸಿ ಓದಬಹುದು. ಈ ಇಳಕಲ್ಲಿನ ತುಂಡು ಅಜ್ಜಿಯ ಸೀರೆಯದು, ಈ ಬಿಳಿಯದು ಮಾವನವರು ಮೇಷ್ಟರಾಗಿದ್ದಾಗ ಉಡುತ್ತಿದ್ದ ಧೋತರದ್ದು, ಈ ಹಳದಿಯದು ಬಾಲ್ಯದಲ್ಲಿ ನಮ್ಮಾಕೆಯು ಮಾವಿನಮರದಿಂದ ಬಿದ್ದಂದು ಹರಿದ ಲಂಗದ್ದು ಎಂದು ಅತ್ತೆಯವರು ಪರಿಚಯಿಸುತ್ತ ಹೋದಂತೆ, ನಾನು ಹೊದ್ದು ಮಲಗಬೇಕಾದುದು ಬಟ್ಟೆಯನ್ನಲ್ಲ, ಸಮಸ್ತ ಮಾವನ ಮನೆಯನ್ನು ಎಂಬ ಅರಿವು ನನಗಾಯಿತು.

ಕೌದಿ ಬೆಚ್ಚಗಿರುವುದರಲ್ಲಿ ಸಂದೇಹವಿಲ್ಲ. ಆದರೆ ಅದರ ಅಗಲವು ಒಂದೂಕಾಲು ಆಳಿನದು. ತವರಿನಿಂದ ಬಂದ ವಸ್ತುವಾದ್ದರಿಂದ ಅದು ಸ್ತ್ರೀಧನವೆಂದು ಆಕೆಯ ವಾದ. ಅಳಿಯನಿಗೆಂದೇ ತಂದೆನೆಂದು ಅತ್ತೆಯವರು ಬಾಗಿಲಲ್ಲಿಯೇ ಆಡಿದ ಮಾತು ನನ್ನ ಆಧಾರ. ಹಾಸಿಗೆಯ ನಡುಮಧ್ಯದಲ್ಲಿ ಇಳಕಲ್ ಸೀರೆಯ ಕೆಂಪು ಅಂಚು ಬರುವಂತೆ ಹೊದ್ದು, ಅಂಚಿನ ಪೂರ್ವಭಾಗ ಆಕೆಗೆ, ಪಶ್ಚಿಮಭಾಗ ನನಗೆ ಎಂದು ಗಡಿ ಗುರುತಿಸಿಕೊಂಡೆವು. ರಾತ್ರಿ ಹತ್ತರವರೆಗೆ ಈ ಒಪ್ಪಂದಕ್ಕೆ ಭಂಗ ಬರುವುದಿಲ್ಲ. ನಡುರಾತ್ರಿ ಕಳೆದ ಮೇಲೆ ಪೂರ್ವದ ಸಂಸ್ಥಾನವು ಸದ್ದಿಲ್ಲದೆ ವಿಸ್ತರಿಸತೊಡಗಿ, ಬೆಳಗಿನ ಜಾವದ ವೇಳೆಗೆ ನನ್ನ ವಶದಲ್ಲಿ ಮಾವನವರ ಧೋತರದ ಒಂದು ಮೂಲೆ ಮಾತ್ರ ಉಳಿದಿರುತ್ತದೆ. ರೆಸಿಡೆಂಟರು ದಂಡನ್ನು ಹೇಗೆ ಉಳಿಸಿಕೊಂಡರೆಂಬುದು ನನಗೆ ಗ್ರಂಥಗಳಿಂದ ತಿಳಿಯದಿದ್ದಷ್ಟು ಈ ಅನುಭವದಿಂದ ತಿಳಿಯಿತು. ಬೆಳಿಗ್ಗೆ ಆಕ್ಷೇಪಿಸಿದರೆ, "ನಾ ಎಲ್ಲಿ ಎಳದೇನ್ರಿ? ತಾನಽ ಬಂತದು," ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೌದಿಗೂ ತವರಿನ ಸೆಳೆತ ಇರಬಹುದಾದ್ದರಿಂದ ಈ ಮಾತನ್ನು ಖಂಡಿಸುವುದು ಸುಲಭವಲ್ಲ.

ಸ್ವೆಟರನ್ನು ಕೊಳ್ಳುವ ಯೋಚನೆ ನನಗೆ ಬಂದುದು ಆತ್ಮರಕ್ಷಣೆಗಾಗಿ. ಒಂದು ಶನಿವಾರ ಸಾಯಂಕಾಲ ಕಮರ್ಷಿಯಲ್ ಸ್ಟ್ರೀಟಿನ ಉದ್ದಗಲವನ್ನು ಅಳೆದೆವು. ಅಲ್ಲಿ ಮದುವೆಗೆ, ಈದಿಗೆ, ಕ್ರಿಸ್ಮಸ್ಸಿಗೆ ಬೇಕಾದ ಝಗಝಗಿಸುವ ವಸ್ತ್ರಗಳೆಲ್ಲ ಇದ್ದುವು. ಮರ್ಯಾದೆಯಾದ, ತೋಳು ಪೂರ್ತಿಯಿರುವ, ಬೂದಿಬಣ್ಣದ ಸ್ವೆಟರೊಂದು ನನ್ನ ಕಣ್ಣಿಗೆ ಬೀಳಲಿಲ್ಲ. ಬೀದಿಯುದ್ದಕ್ಕೂ ಇಂಗ್ಲಿಷು, ಹಿಂದಿ, ತಮಿಳು, ದಖನಿ ಉರ್ದುಗಳಲ್ಲಿ ನಮ್ಮನ್ನು ಕರೆದರು, ಧಾರವಾಡದಲ್ಲಿ ಬಿ.ಎ. ಮಾಡಿದ ನಮ್ಮಾಕೆಗೆ ಆ ಗದ್ದಲದಲ್ಲಿ ತನ್ನೂರಿನ ಮಾತು ಕಿವಿಗೆ ಬೀಳದೆ ಮುಖ ಸಪ್ಪಗಾಗಿತ್ತು. ಹಿಂದಿರುಗುವ ದಾರಿಯ ಕಾಲುಹಾದಿಯಲ್ಲಿ, ಹಗ್ಗಕ್ಕೆ ನೇತುಹಾಕಿದ ಉಣ್ಣೆಯ ಬಟ್ಟೆಗಳ ಮಧ್ಯೆ, ಟಿಬೆಟ್ಟಿನ ಹೆಂಗಸೊಬ್ಬಳು ಮಣೆಯ ಮೇಲೆ ಕುಳಿತಿದ್ದಳು. ಸಹಜವಾಗಿಯೇ ನಾನು ನನ್ನ ಮುರುಕು ಹಿಂದಿಯನ್ನು ಹೊರತೆಗೆದು ಬೆಲೆಯೆಷ್ಟೆಂದು ಕೇಳಿದೆ. ಆಕೆ ನನ್ನನ್ನು ಬಿಟ್ಟು ನಮ್ಮಾಕೆಯ ಕಡೆಗೆ ತಿರುಗಿ, "ಭಾಳ ಚೊಲೋ ಐತ್ರಿ ಅಕ್ಕಾರ, ಎಷ್ಟು ತೊಳದ್ರೂ ಏನೂ ಆಗಂಗಿಲ್ಲ, ಹಾಕಿ ನೋಡ್ರಿ," ಎಂದಳು.

ನಮ್ಮಾಕೆ ಅಲ್ಲಿಯೇ ಸ್ತಂಭೀಭೂತಳಾದಳು. "ನೀವು ಯಾವೂರವ್ರ್ರೀ?" "ಮುಂಡಗೋಡ್ರಿ. ನೀವ್ರೀ?" "ಧಾರವಾಡ!" ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನ ಬಳಿ ಟಿಬೆಟ್ಟಿನ ನಿರಾಶ್ರಿತರಿಗೆ ಭೂಮಿಯನ್ನು ಕೊಟ್ಟು ನೆಲೆಯಾಗಿಸಿದುದು ಸರಿಯಷ್ಟೆ, ಅಲ್ಲಿ ಹುಟ್ಟಿ ಬೆಳೆದ ಈಕೆ ಚಳಿಗಾಲಕ್ಕೆ ಸರಕು ಹೊತ್ತು ಬೆಂಗಳೂರಿಗೆ ಬರುವವಳು. ಉಣ್ಣೆ ಲೂಧಿಯಾನದ್ದು, ವಂಶ ಲ್ಹಾಸಾದ ಕಡೆಯದು, ಬೀದಿ ಇಂಗ್ಲಿಷರು ಹಾಕಿದ್ದು, ಮಾತು ಮಾತ್ರ ಶುದ್ಧ ಹುಬ್ಬಳ್ಳಿ ಸೀಮೆಯದು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡು, ಅಲ್ಲಿಯ ಮಿರ್ಚಿ ಗಿರಮಿಟ್ಟು, ಈ ವರ್ಷದ ಗೋವಿನಜೋಳದ ಬೆಳೆ, ಇವುಗಳನ್ನು ಕುರಿತು ಇಬ್ಬರೂ ಅರ್ಧ ಗಂಟೆ ಸಂಭಾಷಿಸಿದರು. ಮಧ್ಯೆ ನಾನು ಒಂದು ಮಾತು ಸೇರಿಸಲು ಹೋದಾಗ ಆ ಹೆಂಗಸು ನಮ್ಮಾಕೆಯನ್ನು, "ಇವ್ರು ಈ ಕಡೆಯವ್ರೇನ್ರಿ?" ಎಂದು ಮೆಲ್ಲಗೆ ಕೇಳಿದಳು. "ಹೂಂರಿ, ಮೈಸೂರಿನವ್ರು," ಎಂದು ಆಕೆಯೂ ಅಷ್ಟೇ ಮೆಲ್ಲಗೆ ನನ್ನ ದೋಷವನ್ನು ಮುಚ್ಚಿಟ್ಟುಕೊಂಡು ಹೇಳಿದಳು. ತವರಿನವರೊಡನೆ ಚೌಕಾಶಿ ಮಾಡುವುದು ಶಿಷ್ಟಾಚಾರಕ್ಕೆ ವಿರುದ್ಧವಾದ್ದರಿಂದ ಹೇಳಿದ ಬೆಲೆಯನ್ನೇ ಕೊಟ್ಟೆವು; ಮೇಲೆ ನನಗೊಂದು ಮಂಕಿಕ್ಯಾಪನ್ನೂ ಕೊಂಡೆವು. ಬೂದಿಬಣ್ಣ ಇರಲಿಲ್ಲ. ಕಡುಗೆಂಪು ಸ್ವೆಟರನ್ನು ನಾನು ಅಂದಿನಿಂದ ತೊಡುತ್ತಿದ್ದೇನೆ.

ಮಾಗಿಯಲ್ಲಿ ಮೈಸೂರಿನವನ ಮನಸ್ಸು ಅವರೆಕಾಯಿಗಾಗಿ ಹಂಬಲಿಸುವುದೂ ನಿಸರ್ಗನಿಯಮ. ಅದನ್ನು ತರುವುದಕ್ಕೆ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋದೆವು. 1927ರಲ್ಲಿ ಕಟ್ಟಿದ ಆ ಭವ್ಯವಾದ ಕಟ್ಟಡದೊಳಗೆ ಗುಲಾಬಿಯೂ ಮೀನೂ ಒಂದೇ ಗಾಳಿಯನ್ನು ಹಂಚಿಕೊಂಡು ಬಾಳುತ್ತವೆ. ಡಿಸೆಂಬರಾದ್ದರಿಂದ ಹೊರಗೆ ಸೇಂಟ್ ಮೇರಿ ಬೆಸಿಲಿಕದ ಸುತ್ತಿನ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು, ಗೋದಲಿಯ ಗೊಂಬೆಗಳು ತೂಗಾಡುತ್ತಿದ್ದುವು. "ಕ್ಯಾ ಹೋನಾ ಸಾಬ್?" ಎಂದ ಅಂಗಡಿಯವನು, ನನ್ನ ಬಾಯಿಂದ ಅವರೆಕಾಯಿ ಎಂಬುದು ಹೊರಟೊಡನೆ ಭಾಷೆಯನ್ನು ಬದಲಾಯಿಸಿ, "ಸೊಗಡು ನೋಡಿ ಸಾರ್, ಮೂಸಿ ನೋಡಿ, ಬೆಳಿಗ್ಗೆ ಬಂದಿರೋ ಮಾಲು," ಎಂದು ಒಂದು ಹಿಡಿಯನ್ನು ಮೂಗಿಗೆ ಹಿಡಿದ. ಅದೇ ಉಸಿರಿನಲ್ಲಿ ಪಕ್ಕದ ಗಿರಾಕಿಗೆ ತಮಿಳು, ಅವರ ಹಿಂದಿನವರಿಗೆ ಇಂಗ್ಲಿಷು. ಪದವಿಪತ್ರಗಳನ್ನು ಗೋಡೆಗೆ ತೂಗುಹಾಕಿಕೊಂಡಿರುವ ನಾವು ಒಂದೂವರೆ ಭಾಷೆಯಲ್ಲಿ ಜೀವನ ಸಾಗಿಸುತ್ತಿರುವಾಗ, ಶಿವಾಜಿನಗರದ ತರಕಾರಿಯವನು ನಾಲ್ಕರಲ್ಲಿ ತೂಕಮಾಡುತ್ತಾನೆ. ಭಾಷಾಬಾಂಧವ್ಯವನ್ನು ಕುರಿತ ಸಭೆಗಳನ್ನು ಪುರಭವನದಲ್ಲಿ ಏಕೆ ಸೇರಿಸುತ್ತಾರೋ ತಿಳಿಯದು. ಅಧ್ಯಕ್ಷನಾಗತಕ್ಕವನು ಇಲ್ಲಿ ತಕ್ಕಡಿ ಹಿಡಿದು ನಿಂತಿದ್ದಾನೆ.

ಅವರೆಕಾಯಿಯನ್ನು ಬಿಡಿಸಿ, ಕಾಳನ್ನು ರಾತ್ರಿಯೆಲ್ಲ ನೆನೆಯಿಟ್ಟು, ಮರುದಿನ ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿದುಕಿ ಸಿಪ್ಪೆಯಿಂದ ಬೇರ್ಪಡಿಸುವ ವಿಧಿಯನ್ನು ನಾನು ವಿವರಿಸಿದಾಗ ನಮ್ಮಾಕೆ, "ಒಂದು ಸಾರಿಗೆ ಇಷ್ಟು ಖಟಪಟಿ ಏನ್ರಿ? ನಿಮ್ಮ ಕಡೆ ಮಂದಿಗೆ ಬ್ಯಾರೆ ಉದ್ಯೋಗಿಲ್ಲೇನು?" ಎಂದಳು. ಆದರೂ ಪರಾತವನ್ನು ಮುಂದಿಟ್ಟುಕೊಂಡು ಕುಳಿತಳು. ಅನುಭವವಿಲ್ಲದವರ ಬೆರಳಿನಲ್ಲಿ ಅವರೆಕಾಳು ಮಕ್ಕಳ ಕೈಯ ಗೋಲಿಯಂತೆ ದಿಕ್ಕುದಿಕ್ಕಿಗೆ ಹಾರುತ್ತದೆ. ಆಕೆ ಹಿದುಕಿದ ಮೊದಲನೆಯ ಬೇಳೆ ದೇವರ ಪಟದ ಗಾಜಿಗೂ ಎರಡನೆಯದು ನನ್ನ ಕನ್ನಡಕಕ್ಕೂ ತಗುಲಿ, ಮೂರನೆಯದು ಬಾಲ್ಕನಿಯ ಮೂಲಕ ಕೆಳಗಿನ ಅಜ್ಜಿಯ ಅಂಗಳಕ್ಕೆ ಇಳಿಯಿತು. ಕೆಲವು ನಿಮಿಷಗಳಲ್ಲಿ ಅಜ್ಜಿಯೇ ಮೆಟ್ಟಿಲು ಹತ್ತಿ ಬಂದರು. ಜಗಳಕ್ಕೆ ಬಂದರೆಂದು ನಾವು ಎದ್ದು ನಿಂತರೆ, ಅವರು ನಮ್ಮಿಬ್ಬರ ನಡುವೆ ಕುಳಿತು, "ಹಂಗಲ್ಲ ಕಣ್ಣು, ಬೆರಳು ಒಳಗೆ ಮಡಿಸು. ಕಾಳಿನ ಮೂಗು ನಿನ್ ಕಡೆ ಇರ್ಬೇಕು," ಎಂದು ಪಾಠ ಪ್ರಾರಂಭಿಸಿದರು. ಮೈಸೂರಿನವನಾದ ನಾನು ಹಿದುಕಿದ ರಾಶಿಯನ್ನು ನೋಡಿ ಏನೂ ಹೇಳದೆ, ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಮತ್ತೊಮ್ಮೆ ಆರಿಸಿದರು. ಅಂದು ರಾತ್ರಿ ಹಿದುಕಿದ ಬೇಳೆಯ ಹುಳಿಯನ್ನು ನಾನು ಮುದ್ದೆಯೊಡನೆಯೂ, ನಮ್ಮಾಕೆ ಜೋಳದ ರೊಟ್ಟಿಯೊಡನೆಯೂ, ಅಜ್ಜಿ ಅನ್ನದೊಡನೆಯೂ ಉಂಡೆವು. "ಅಡ್ಡಿಯಿಲ್ಲ," ಎಂದು ನಮ್ಮಾಕೆ ಮೂರನೆಯ ಸಲ ಬಡಿಸಿಕೊಂಡಳು. ಧಾರವಾಡದವರು ಇದಕ್ಕಿಂತ ಹೆಚ್ಚಿಗೆ ಹೊಗಳಿದುದನ್ನು ನಾನು ಕೇಳಿಲ್ಲ.

ಅವರೆಕಾಯಿಯ ಕಾಲದಲ್ಲಿ ದೇಹದ ಪರಿಧಿ ಹಿಗ್ಗುವುದು ಸ್ವಾಭಾವಿಕ. ಆದುದರಿಂದ ಹಲಸೂರು ಕೆರೆಯ ಸುತ್ತ ಬೆಳಗಿನ ಸಂಚಾರ ಕೈಗೊಳ್ಳತಕ್ಕದ್ದೆಂದು ಆಕೆ ವಿಧಿಸಿದಳು. ಕೆರೆಯ ಮೇಲೆ ಮಂಜು ಕವಿದಿರುವ ಹೊತ್ತಿನಲ್ಲಿ, ಕಡುಗೆಂಪು ಸ್ವೆಟರು, ಕಣ್ಣು ಮಾತ್ರ ಕಾಣುವ ಮಂಕಿಕ್ಯಾಪು, ಕೈಗವಸು ಇವುಗಳಿಂದ ಸನ್ನದ್ಧನಾಗಿ ನಾನು ನಡೆಯುತ್ತಿರಲು, ಸೈನ್ಯದ ಯುವಕರು ತೋಳಿಲ್ಲದ ಬನೀನು, ಚಡ್ಡಿಗಳಲ್ಲಿ ಬೆವರು ಸುರಿಸುತ್ತ ನನ್ನನ್ನು ದಾಟಿ ಓಡಿಹೋಗುತ್ತಿದ್ದರು. ನಮ್ಮಾಕೆ ಅವರನ್ನು ನೋಡಿ ಬಳಿಕ ನನ್ನನ್ನು ನೋಡುವಳು, ಮಾತಾಡಳು. ಕೆರೆಯ ದಂಡೆಯಲ್ಲಿ ಒಂದು ಗುರುದ್ವಾರವಿದೆ, 1946ರಿಂದ ಇರುವುದು. ಒಂದು ದಿನ ದರ್ಶನಕ್ಕೆಂದು ಅಲ್ಲಿಗೆ ಹೋದೆವು. ತಲೆಯನ್ನು ಮುಚ್ಚಿಕೊಳ್ಳದೆ ಒಳಗೆ ಪ್ರವೇಶವಿಲ್ಲವಾದ್ದರಿಂದ ಬಂದವರೆಲ್ಲ ಬಟ್ಟೆಗಾಗಿ ಹುಡುಕುತ್ತಿರುವಾಗ, ನನ್ನ ಮಂಕಿಕ್ಯಾಪಿಗೆ ಮೊತ್ತಮೊದಲ ಬಾರಿಗೆ ಸಾರ್ವಜನಿಕ ಮನ್ನಣೆ ದೊರೆಯಿತು. ಕೈಯಲ್ಲಿ ಬಿಸಿಬಿಸಿಯಾದ ಕಡಾಹ ಪ್ರಸಾದ, ಆಮೇಲೆ ಲಂಗರಿನಲ್ಲಿ ಒಂದು ಲೋಟ ಹಬೆಯಾಡುವ ಚಹಾ. ಕಾಫಿಯ ಪಕ್ಷಪಾತಿಯಾದ ನಾನೂ ಎರಡನೆಯ ಲೋಟವನ್ನು ಬೇಡವೆನ್ನಲಿಲ್ಲ. ಅನಂತರ ಕೆರೆಯ ಪೂರ್ಣಪ್ರದಕ್ಷಿಣೆಯು ಅರ್ಧಪ್ರದಕ್ಷಿಣೆಯಾಗಿ, ಅದೂ ಕ್ರಮೇಣ ಗುರುದ್ವಾರದವರೆಗಿನ ನೇರವಾದ ಮಾರ್ಗವಾಗಿ ಪರಿಣಮಿಸಿತು.

ಡಿಸೆಂಬರ್ 31ರ ರಾತ್ರಿಯ ಸಾಹಸವನ್ನು ಹೆಚ್ಚು ಬೆಳೆಸುವಂತಿಲ್ಲ. ದಂಡಿನಲ್ಲಿದ್ದುಕೊಂಡು ಹೊಸ ವರ್ಷದ ಉತ್ಸವವನ್ನು ನೋಡದಿರುವುದು ಮೈಸೂರಿನಲ್ಲಿದ್ದುಕೊಂಡು ಜಂಬೂಸವಾರಿಯನ್ನು ತಪ್ಪಿಸಿಕೊಳ್ಳುವುದಕ್ಕೆ ಸಮಾನವೆಂದು ಬಗೆದು, ಹಲಸೂರಿನಲ್ಲಿ ರೈಲು ಹತ್ತಿದೆವು. ಜನಜಂಗುಳಿಯ ಕಾರಣ ಎಂ.ಜಿ. ರಸ್ತೆಯಲ್ಲಿ ನಿಲ್ಲುವುದಿಲ್ಲವೆಂದು ಸಾರಿದ್ದರಿಂದ ಟ್ರಿನಿಟಿಯಲ್ಲಿ ಇಳಿದು, ದೂರದಿಂದ ಒಂದು ಮಹಾಸಾಗರದ ಗರ್ಜನೆಯನ್ನು ಆಲಿಸಿ, ನಡೆದುಕೊಂಡೇ ಮನೆಗೆ ಬಂದೆವು. ಟ್ರಿನಿಟಿಯಿಂದ ಹಲಸೂರಿಗೆ ಒಂದೇ ನಿಲ್ದಾಣ. ಹನ್ನೆರಡು ಹೊಡೆದಾಗ ಇಬ್ಬರೂ ಕೌದಿಯೊಳಗಿದ್ದೆವು, ಗಡಿಯ ತಕರಾರಿನ ಸಮೇತ. ಇಂದಿರಾನಗರದ ನೂರಡಿ ರಸ್ತೆಯ ಹೋಟೆಲಿನಲ್ಲಿ ಒಂದು ಬಟ್ಟಲು ಬಿಸಿ ಚಾಕೊಲೇಟನ್ನು ಕುಡಿದು, ಅದರ ಬೆಲೆಗೆ ರಸೆಲ್ ಮಾರುಕಟ್ಟೆಯಲ್ಲಿ ಎಷ್ಟು ಅವರೆಕಾಯಿ ಬರುತ್ತಿತ್ತೆಂದು ದಾರಿಯುದ್ದಕ್ಕೂ ಗುಣಿಸುತ್ತ ಬಂದ ಕತೆಯೂ ಇಷ್ಟೇ.

ಸಂಕ್ರಾಂತಿಯಂದು ಎಳ್ಳು ಬೀರುವುದಕ್ಕೆ ಕೃಷ್ಣರಾಜಪುರದ ಚಿಕ್ಕಮ್ಮನ ಮನೆಗೆ ಹೋಗಬೇಕಾಗಿತ್ತು. ನಾನು ಮೈಸೂರಿನ ಪದ್ಧತಿಯಂತೆ ಕೊಬ್ಬರಿ, ಬೆಲ್ಲ, ಹುರಿಗಡಲೆ ಕತ್ತರಿಸಿ ಸೇರಿಸಿದ ಎಳ್ಳನ್ನೂ, ನಮ್ಮಾಕೆ ಊರಿನಿಂದ ತರಿಸಿದ ಕುಸುರೆಳ್ಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳನ್ನೂ ಕಟ್ಟಿಕೊಂಡು, ಜೊತೆಗೆ ಆಳುದ್ದದ ಕಬ್ಬಿನ ಜಲ್ಲೆಯೊಂದನ್ನು ಹಿಡಿದು ಮೆಟ್ರೋ ನಿಲ್ದಾಣವನ್ನು ಪ್ರವೇಶಿಸಿದೆವು. ತಪಾಸಣೆಯ ಯಂತ್ರದೊಳಕ್ಕೆ ಜಲ್ಲೆಯನ್ನು ಹೇಗೆ ತೂರಿಸುವುದೆಂದು ಕಾವಲಿನ ಯುವತಿಯೂ ನಾವೂ ಬಹಳ ಹೊತ್ತು ಪರ್ಯಾಲೋಚಿಸಿದೆವು. ಬೆನ್ನ ಹಿಂದೆ ಬೆಳೆಯುತ್ತಿದ್ದ ಸಾಲಿನಿಂದ ಒಬ್ಬ ಹಿರಿಯರು ಮುಂದೆ ಬಂದು, ಜಲ್ಲೆಯನ್ನು ಮೊಣಕಾಲಿನ ಮೇಲಿಟ್ಟು ಮೂರು ತುಂಡು ಮಾಡಿ, "ಇನ್ನು ಹೋಗಿಯಪ್ಪಾ, ಹಬ್ಬ ಮುಗಿದೀತು," ಎಂದು ಆಶೀರ್ವದಿಸಿದರು. ಕಾವಲಿನ ಯುವತಿಗೆ ಎಳ್ಳು ಕೊಟ್ಟೆವು. ಆ ಹಿರಿಯರಿಗೂ ಕೊಟ್ಟೆವು. ಚಿಕ್ಕಮ್ಮನ ಮನೆಗೆ ತಲುಪುವ ವೇಳೆಗೆ ಪೊಟ್ಟಣಗಳು ತೆಳುವಾಗಿದ್ದುವು.

ಸಾಯಂಕಾಲ ಹಿಂದಿರುಗಿದಾಗ ಅಜ್ಜಿ ತಮ್ಮ ಹೊಸಿಲಿನಲ್ಲಿ ಸಕ್ಕರೆಪೊಂಗಲಿನ ಪಾತ್ರೆಯೊಡನೆ ಕಾದಿದ್ದರು. ಉಳಿದ ಎಳ್ಳನ್ನು ನಮ್ಮಾಕೆ ಅವರ ಕೈಗೆ ಹಾಕಿ ಕಾಲು ಮುಟ್ಟಿ ನಮಸ್ಕರಿಸಿದಳು. ಸಂದರ್ಭವು ಅನುಕೂಲವಾಗಿದೆಯೆಂದು ಎಣಿಸಿ ನಾನು, "ಅಜ್ಜಿ, ಈಗಲಾದರೂ ನಾವು ಹಲಸೂರಿನವರಾದೆವೋ ಇಲ್ಲವೋ?" ಎಂದು ಕೇಳಿದೆ. ಅವರು ಒಂದು ಹಿಡಿ ಎಳ್ಳನ್ನು ಬಾಯಿಗೆ ಹಾಕಿಕೊಂಡು, ಜಗಿದು ಮುಗಿಸುವವರೆಗೆ ಯೋಚಿಸಿ, "ಒಳ್ಳೇ ಮಾತೇ ಆಡ್ಬೇಕಲ್ಲ ಇವತ್ತು. ಆಗ್ತೀರ ಕಣ್ಣು. ಇನ್ನೊಂದು ನೂರು ವರ್ಷ ಇರಿ, ಆಗ್ತೀರ," ಎಂದರು. ಬಾಡಿಗೆಯನ್ನು ಮುಂದಿನ ತಿಂಗಳಿನಿಂದ ಹೆಚ್ಚಿಸುವ ವಿಷಯವನ್ನೂ ಅದೇ ಮಂದಹಾಸದಲ್ಲಿ ತಿಳಿಸಿದರು.

ಹೊರನಾಡಿನ ಬಂಧುಗಳನ್ನು ನೋಡಿಬರಬೇಕೆಂಬ ಅಭಿಲಾಷೆಯುಳ್ಳ, ಆದರೆ ವೀಸಾ ದೊರೆಯದ ಓದುಗರು ಬರುವ ಮಾಗಿಯಲ್ಲಿ ನಮ್ಮಲ್ಲಿಗೆ ಅವಶ್ಯವಾಗಿ ಬರಬೇಕು. ಹಲಸೂರು ನಿಲ್ದಾಣದಲ್ಲಿ ಇಳಿದು ಸೋಮೇಶ್ವರನ ಗೋಪುರ ಯಾವ ಕಡೆಯೆಂದು ಯಾವ ಭಾಷೆಯಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ. ಕಾಫಿ, ಚಹಾ ಎರಡೂ ಉಂಟು. ಅವರೆಕಾಯಿಯ ಕಾಲವಾದರೆ ಊಟವೂ ಉಂಟು, ಹಿದುಕಲು ಕೈಜೋಡಿಸಿದರೆ. ರಾತ್ರಿ ತಂಗುವವರು ಹೊದಿಕೆಯನ್ನು ಮಾತ್ರ ತಾವೇ ತರತಕ್ಕದ್ದು.